ಪತ್ರಿಕೆಯ ಒಲವು, ಓದುಗನ ವಿವೇಕ

ಚುನಾವಣೆ ಸಮೀಪಿಸಿದಾಗಲೆಲ್ಲ ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಬಾಗಿಲಲ್ಲಿ ನಮಗೆ ಎದುರಾಗುವ ಪ್ರಶ್ನೆ ಒಂದೇ: “ಸ್ವಾಮಿ, ಈ ಸಲ ಯಾರಿಗೆ?” ನಕ್ಕು ಮುಂದೆ ಸಾಗುವುದು ನಮ್ಮ ವಾಡಿಕೆ. ಆದರೆ ಹಾಗೆ ಕೇಳಿದ ತೋಟದ ಹಿರಿಯರೊಬ್ಬರು ಒಮ್ಮೆ ನಮ್ಮನ್ನು ಸುಲಭವಾಗಿ ಬಿಡಲಿಲ್ಲ. “ನೀವು ಹೇಳುವುದಿಲ್ಲ, ಸರಿ. ಪೇಪರಿನವರು ಹೇಳದೆಯೇ ಹೇಳುತ್ತಾರಲ್ಲ, ಅದಕ್ಕೇನು ಮಾಡೋಣ?” ಎಂದರು. ಆ ಮಾತು ನಮ್ಮನ್ನು ಇಂದಿಗೂ ಕಾಡುತ್ತಿದೆ.

ಪತ್ರಿಕೆಯೊಂದು ಪಕ್ಷ ವಹಿಸುವುದೇ ತಪ್ಪೆ? ಅಮೆರಿಕ, ಬ್ರಿಟನ್ನುಗಳಲ್ಲಿ ತಾವು ಯಾರನ್ನು ಬೆಂಬಲಿಸುತ್ತೇವೆಂದು ಪತ್ರಿಕೆಗಳು ಸಂಪಾದಕೀಯದಲ್ಲಿ ಬಹಿರಂಗವಾಗಿ ಸಾರುವ ಪದ್ಧತಿ ಹಳೆಯದು. 1976ರಿಂದೀಚೆಗೆ, 1988ರ ಚುನಾವಣೆಯೊಂದನ್ನುಳಿದು, ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲಿಯೂ ಹಾಗೆ ಸಾರಿದ್ದ ‘ವಾಷಿಂಗ್‌ಟನ್ ಪೋಸ್ಟ್’ 2024ರ ಅಕ್ಟೋಬರ್ 25ರಂದು, ಮತದಾನಕ್ಕೆ 11 ದಿನಗಳಿದ್ದಾಗ, ಇನ್ನು ಯಾರನ್ನೂ ಬೆಂಬಲಿಸುವುದಿಲ್ಲವೆಂದು ಪ್ರಕಟಿಸಿತು. ಓದುಗರ ನಂಬಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಈ ನಿರ್ಧಾರವೆಂದು ಮಾಲೀಕರು ಸಮರ್ಥಿಸಿದರು; ಮಾಲೀಕರ ವ್ಯಾಪಾರದ ಹಿತಕ್ಕಾಗಿ ಸಂಪಾದಕರ ಬಾಯಿ ಕಟ್ಟಲಾಯಿತೆಂದು ಓದುಗರು ಆಕ್ಷೇಪಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಚಂದಾ ನಿಲ್ಲಿಸಿದರು. ಅವರನ್ನು ಕೆರಳಿಸಿದುದು ಪತ್ರಿಕೆಯ ಅಭಿಪ್ರಾಯವಲ್ಲ, ಅದರ ಮೌನ ಎಂಬುದು ಗಮನಾರ್ಹ.

ನಮ್ಮ ದೇಶದಲ್ಲಿ ಇಂತಹ ಬಹಿರಂಗ ಬೆಂಬಲ ವಿರಳ. ಆದರೆ ಬೆಂಬಲವೇ ವಿರಳವೆಂದು ಯಾರೂ ಹೇಳಲಾರರು. ಇಲ್ಲಿ ಅದು ಸುದ್ದಿಯ ವೇಷ ತೊಟ್ಟು ಬರುತ್ತದೆ. 2009ರ ಚುನಾವಣೆಗಳಲ್ಲಿ ‘ಕಾಸಿಗಾಗಿ ಸುದ್ದಿ’ಯ ಪಿಡುಗು ಎದ್ದು ಕಂಡಾಗ ಭಾರತೀಯ ಪತ್ರಿಕಾ ಮಂಡಳಿ ಇಬ್ಬರು ಸದಸ್ಯರ ಉಪಸಮಿತಿಯಿಂದ ವಿಚಾರಣೆ ಮಾಡಿಸಿತು. 2010ರಲ್ಲಿ ಮಂಡಳಿ ಪ್ರಕಟಿಸಿದ್ದು ಸಂಕ್ಷಿಪ್ತ ವರದಿಯನ್ನು ಮಾತ್ರ. ಪತ್ರಿಕೆಗಳ ಹೆಸರುಳ್ಳ ಪೂರ್ಣ ವರದಿ ಬೆಳಕು ಕಂಡದ್ದು 2011ರಲ್ಲಿ, ಮಾಹಿತಿ ಹಕ್ಕಿನ ಬಲದಿಂದ. ಅದೇ ವರ್ಷ ಚುನಾವಣಾ ಆಯೋಗವು ಉತ್ತರ ಪ್ರದೇಶದ ಶಾಸಕಿ ಉಮಲೇಶ್ ಯಾದವ್ ಅವರನ್ನು, ಇಂತಹ ಸುದ್ದಿಗೆ ತೆತ್ತ ಹಣವನ್ನು ಲೆಕ್ಕದಲ್ಲಿ ತೋರಿಸದ ಕಾರಣಕ್ಕಾಗಿ, ಮೂರು ವರ್ಷ ಅನರ್ಹಗೊಳಿಸಿತು.

ವೇಷವು ಅಲ್ಲಿಗೇ ಕಳಚಲಿಲ್ಲ. 2021ರಲ್ಲಿ ಅಸ್ಸಾಮಿನ ಮೊದಲ ಹಂತದ ಮತದಾನ ಮುಗಿದ ಮರುದಿನವೇ, ಇನ್ನೂ ಮುಂದಿನ ಹಂತಗಳು ಬಾಕಿಯಿದ್ದಾಗ, ಮೇಲಿನ ಅಸ್ಸಾಮಿನ ಎಲ್ಲ ಸ್ಥಾನಗಳನ್ನೂ ಬಿಜೆಪಿ ಗೆಲ್ಲಲಿದೆಯೆಂಬ ಜಾಹೀರಾತು ಸುದ್ದಿಯ ತಲೆಬರಹದ ರೂಪದಲ್ಲಿ ಹಲವು ಪತ್ರಿಕೆಗಳಲ್ಲಿ ಕಾಣಿಸಿತು. ನಮ್ಮ ರಾಜ್ಯದಲ್ಲಿ 2023ರ ಮೇ 5ರಂದು ಆಡಳಿತ ಪಕ್ಷದ ‘ಭ್ರಷ್ಟಾಚಾರದ ದರಪಟ್ಟಿ’ಯೆಂದು ಕಾಂಗ್ರೆಸ್ ಪ್ರಕಟಿಸಿದ ಜಾಹೀರಾತಿಗೆ ಆಧಾರ ಕೇಳಿ ಆಯೋಗವು ಮರುದಿನವೇ ನೋಟಿಸು ನೀಡಿತು, ಮತದಾನದ ದಿನ ಮತ್ತು ಅದರ ಹಿಂದಿನ ದಿನ ಪೂರ್ವಾನುಮತಿಯಿಲ್ಲದೆ ಪತ್ರಿಕೆಗಳಲ್ಲಿ ಚುನಾವಣಾ ಜಾಹೀರಾತು ಕೂಡದೆಂದೂ ಸೂಚಿಸಿತು. ಕಾನೂನಿನ ಕೈ ಇಷ್ಟು ದೂರ ಚಾಚಬಲ್ಲದು. ಯಾವ ಸುದ್ದಿ ಮುಖಪುಟಕ್ಕೆ, ಯಾವುದು ಒಳಪುಟದ ಮೂಲೆಗೆ ಎಂಬ ನಿರ್ಧಾರದಲ್ಲಿ ಅಡಗಿರುವ ಒಲವನ್ನು ಅದು ಮುಟ್ಟಲಾರದು.

ಇದರ ಫಲವನ್ನು ಉಣ್ಣುವವರು ಯಾರು? 2023ರಲ್ಲಿ ನಮ್ಮ ತೆಂಗಿನ ಸೀಮೆಯ ಮೂರು ಕ್ಷೇತ್ರಗಳು ಆಡಳಿತ ಪಕ್ಷದ ಮೂವರನ್ನೂ ಸೋಲಿಸಿದವು. ತಿಪಟೂರಿನಲ್ಲಿ ಶಿಕ್ಷಣ ಸಚಿವರಾಗಿದ್ದ ಬಿ.ಸಿ. ನಾಗೇಶ್ ಅವರ ಬದಲು ಕಾಂಗ್ರೆಸಿನ ಕೆ. ಷಡಕ್ಷರಿ, ಚಿಕ್ಕನಾಯಕನಹಳ್ಳಿಯಲ್ಲಿ ಕಾನೂನು ಸಚಿವರಾಗಿದ್ದ ಜೆ.ಸಿ. ಮಾಧುಸ್ವಾಮಿ ಅವರ ಬದಲು ಜನತಾದಳದ ಸಿ.ಬಿ. ಸುರೇಶ್ ಬಾಬು, ತುರುವೇಕೆರೆಯಲ್ಲಿ ಶಾಸಕರಾಗಿದ್ದ ಮಸಾಲ ಜಯರಾಮ್ ಅವರ ಬದಲು ಜನತಾದಳದ ಎಂ.ಟಿ. ಕೃಷ್ಣಪ್ಪ ಆಯ್ಕೆಯಾದರು. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಜೆಪಿ ಮತ್ತು ಜನತಾದಳ ಮೈತ್ರಿ ಮಾಡಿಕೊಂಡವು. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಎರಡೂ ಪಕ್ಷಗಳು ವಿ. ಸೋಮಣ್ಣನವರ ಪರವಾಗಿ ಒಂದಾಗಿ ನಿಂತವು, ಅವರು ಗೆದ್ದರು. ಹಿಂದಿನ ವರ್ಷ ಇದೇ ಎರಡು ಪಕ್ಷಗಳ ಹೆಸರಿನಲ್ಲಿ ಮಾತು ಬಿಟ್ಟ ಇಬ್ಬರನ್ನು ನಾವು ಬಲ್ಲೆವು; ಅವರದು ಒಂದೇ ಬೇಲಿಯ ಆಚೀಚೆ ತೋಟ. ಆಗ ನಿಂತುಹೋದ ಕೊಳವೆಬಾವಿ ನೀರಿನ ಸರದಿ, ನಾಯಕರು ಒಂದೇ ವೇದಿಕೆಯನ್ನೇರಿದ ಮೇಲೂ ಮತ್ತೆ ಆರಂಭವಾಗಲಿಲ್ಲ.

ಆ ಇಬ್ಬರ ಮನೆಗೂ ಪತ್ರಿಕೆ ಬರುತ್ತದೆ, ಬೇರೆ ಬೇರೆ. ಇಬ್ಬರೂ ಮಾರುವುದು ಮಾತ್ರ ಒಂದೇ ಕೊಬ್ಬರಿಯನ್ನು. ಉಂಡೆ ಕೊಬ್ಬರಿಗೆ 2023ರ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. ಮುಂದಿನ ಹಂಗಾಮಿಗೆ ಬೆಂಬಲ ಬೆಲೆ ಏರಿದ್ದು ಕೇವಲ 12,000ಕ್ಕೆ. ಬೆಂಬಲ ಬೆಲೆಯನ್ನು ಗೊತ್ತುಪಡಿಸುವುದು ಕೇಂದ್ರ ಸರ್ಕಾರ. ಅದರ ಮೇಲೆ ಪ್ರೋತ್ಸಾಹಧನ ಕೊಡಬೇಕಾದುದು ರಾಜ್ಯ. ಖರೀದಿಸಬೇಕಾದುದು ನಾಫೆಡ್, ರಾಜ್ಯದ ಸಂಸ್ಥೆಗಳ ಮೂಲಕ. ಒಂದು ಪತ್ರಿಕೆ ಕೇಂದ್ರದ ಲೋಪವನ್ನಷ್ಟೇ, ಇನ್ನೊಂದು ರಾಜ್ಯದ ವಿಳಂಬವನ್ನಷ್ಟೇ ಬರೆದರೆ ಎರಡೂ ಸುಳ್ಳು ಬರೆದಂತಾಗುವುದಿಲ್ಲ. ಆದರೂ ಬೇಲಿಯ ಆಚೀಚೆಯ ಇಬ್ಬರಿಗೂ ತಮ್ಮದೇ ಬೆಳೆಯ ಕುರಿತು ಅರ್ಧ ಸತ್ಯವೇ ಗತಿ. ಮಿಕ್ಕ ಅರ್ಧವನ್ನು ನೆರೆಯವನ ಬಾಯಿಂದ ಕೇಳಬಹುದಿತ್ತು, ಮಾತು ನಿಂತಿರದಿದ್ದರೆ. ಧ್ರುವೀಕರಣವೆಂಬ ದೊಡ್ಡ ಪದದ ಅರ್ಥ ನಮ್ಮ ಸೀಮೆಯಲ್ಲಿ ಇಷ್ಟೇ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ಒಂದು ಕ್ರಮ ನಮ್ಮನ್ನು ಬೆರಗುಗೊಳಿಸಿತ್ತು. ಯಾವುದೇ ಪ್ರಶ್ನೆಯಲ್ಲಿ ಅವರು ಮೊದಲು ತಮ್ಮ ನಿಲುವನ್ನು ಹೇಳುವುದಿಲ್ಲ. ಎದುರಾಳಿಯ ವಾದಗಳನ್ನು ಒಂದೊಂದಾಗಿ ಮಂಡಿಸುತ್ತಾರೆ, ಅದೂ ಎದುರಾಳಿಯೇ ಹೇಳಿದಷ್ಟು ಬಲವಾಗಿ; ಅನಂತರವೇ ತಮ್ಮ ತೀರ್ಮಾನ, ಕೊನೆಗೆ ಪ್ರತಿಯೊಂದು ವಾದಕ್ಕೂ ಉತ್ತರ. ಪಕ್ಷ ವಹಿಸುವ ಪತ್ರಿಕೆಗೂ ಇದೇ ಒರೆಗಲ್ಲೆಂದು ನಮ್ಮ ಭಾವನೆ. ಅದು ಬೆಂಬಲಿಸಲಿ, ಆದರೆ ಸಂಪಾದಕೀಯದಲ್ಲಿ, ತನ್ನ ಹೆಸರಿನಲ್ಲಿ, ಎದುರು ಪಕ್ಷದ ಸಮರ್ಥ ವಾದವನ್ನು ಮೊದಲು ಹೇಳಿ, ಅನಂತರ ಕಾರಣ ಸಹಿತ ಬೆಂಬಲಿಸಲಿ. ಅಂತಹ ಬೆಂಬಲ ಓದುಗನ ಬುದ್ಧಿಯನ್ನು ಗೌರವಿಸುತ್ತದೆ. ಸುದ್ದಿಯೊಳಗೆ ಅಡಗಿಸಿದ ಬೆಂಬಲವಾದರೋ ಅವನನ್ನು ಸರಕಾಗಿ ಮಾರುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಪತ್ರಿಕಾ ಕಾಯಿದೆಗೆ ತಲೆಬಾಗಲೊಲ್ಲದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರ ನಾಡಿಗೆ ಬಹಿರಂಗ ನಿಲುವಿನ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಇದೇ ಒರೆಗಲ್ಲಿಗೆ ನಮ್ಮನ್ನೂ ಉಜ್ಜಿಕೊಳ್ಳಬೇಕಲ್ಲವೆ? 2021ರ ಡಿಸೆಂಬರಿನಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಗೆ ಬಂದಾಗ ನಮ್ಮ ಸಮುದಾಯ ಕಳವಳಗೊಂಡಿತು. ಆಗಿನ ಕಾನೂನು ಸಚಿವರು ಇದೇ ಚಿಕ್ಕನಾಯಕನಹಳ್ಳಿಯವರಾದುದರಿಂದ ಇಲ್ಲಿನ ಮಾತು ಇನ್ನಷ್ಟು ಬಿಸಿಯೇರಿತು. ನಾವೂ ಆ ಮಸೂದೆಯನ್ನು ವಿರೋಧಿಸಿದೆವು. ಇಂದಿಗೂ ನಮ್ಮ ನಿಲುವು ಅದೇ. ಆದರೆ ಆಮಿಷದಿಂದ, ವಂಚನೆಯಿಂದ ಯಾರ ನಂಬಿಕೆಯನ್ನೂ ಕದಲಿಸಬಾರದೆಂಬ ನೆರೆಯವರ ಆತಂಕವನ್ನು ನಾವು ಒಮ್ಮೆಯಾದರೂ ಪೂರ್ತಿ ಕೇಳಿಸಿಕೊಂಡು, ಅನಂತರ ಉತ್ತರಿಸಿದೆವೆ? ಇಲ್ಲವೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಾಗುತ್ತದೆ. ನಮಗೆ ಹಿತವಾದುದನ್ನು ಬರೆದ ಪತ್ರಿಕೆಯನ್ನಷ್ಟೇ ಆ ದಿನಗಳಲ್ಲಿ ನಾವೂ ಓದಿದೆವು.

ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದು ಭ್ರಷ್ಟ ಆಚರಣೆಯೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿದೆ. ಧರ್ಮಸಭೆಯು ಯಾವ ರಾಜಕೀಯ ವ್ಯವಸ್ಥೆಗೂ ತನ್ನನ್ನು ಕಟ್ಟಿಕೊಳ್ಳುವುದಿಲ್ಲವೆಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯ ಬೋಧನೆ. ಆದ್ದರಿಂದ “ಯಾರಿಗೆ?” ಎಂಬ ಪ್ರಶ್ನೆಗೆ ನಾವು ಮುಂದೆಯೂ ಉತ್ತರಿಸುವುದಿಲ್ಲ. “ಹೇಗೆ?” ಎಂದು ಕೇಳಿದರೆ ಮಾತ್ರ ಒಂದು ಮಾತು ಹೇಳೇವು.

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿಯುವ ಮುನ್ನ ನಮ್ಮ ರೈತ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾನೆ. ಒಳಗೆ ಕೊಬ್ಬರಿ ಬಿಟ್ಟುಕೊಂಡ ಸದ್ದು ಕೇಳಿದ ಮೇಲೆಯೇ ಅವನ ಕೈ ಮುಂದುವರಿಯುವುದು. ಬೆಳೆಯ ವಿಷಯದಲ್ಲಿ ಇಷ್ಟು ತಾಳ್ಮೆಯುಳ್ಳ ಜನ ಸುದ್ದಿಯ ವಿಷಯದಲ್ಲಿ ಏಕೆ ಆತುರಪಡಬೇಕು? ಮುಂದಿನ ಚುನಾವಣೆ ಯಾವುದೇ ಆಗಲಿ, ವಾರಕ್ಕೊಂದು ದಿನವಾದರೂ ನಿಮ್ಮ ಪತ್ರಿಕೆಯನ್ನು ಬೇಲಿಯಾಚೆಯವರಿಗೆ ಕೊಟ್ಟು ಅವರದನ್ನು ಕೇಳಿ ಪಡೆಯಿರಿ. ಪತ್ರಿಕೆಯ ಜೊತೆಗೆ ಎರಡು ಮಾತೂ ದಾಟಿ ಬಂದಾವು. ನಿಂತ ನೀರಿನ ಸರದಿಯೂ ಮತ್ತೆ ಆರಂಭವಾದೀತು.