ಗಿರಕಿಯಾದರೆ ಎರಡೂ ಪಾದ ಒತ್ತು

ಪಂದ್ಯದ ಕಾರು ಗಿರಕಿ ಹೊಡೆಯತೊಡಗಿದಾಗ ಕೊನೆಯವರೆಗೂ ಚುಕ್ಕಾಣಿಯೊಡನೆ ಸೆಣಸುವುದೇ ಧೈರ್ಯವೆಂದು ಹಲವರ ಎಣಿಕೆ. ನಾವು ಹಾಗೆಣಿಸೆವು. ಹಿಂಭಾಗವು ಜಾರಿದೊಡನೆ, ಜಾರಿದ ಕಡೆಗೇ ಚುಕ್ಕಾಣಿ ತಿರುಗಿಸುವುದು ಸರಿಯೇ. ಅದು ಫಲಿಸದಿದ್ದರೆ, ಅಮೆರಿಕದ ಹವ್ಯಾಸಿ ಚಾಲಕರು ಕಲಿಯುವಂತೆ, ಬ್ರೇಕು ಕ್ಲಚ್ಚುಗಳೆರಡನ್ನೂ ಪೂರ್ಣವಾಗಿ ಒತ್ತಿ ಹಿಡಿಯಬೇಕು. ಉರುಳದೆ ಜಾರುವ ಚಕ್ರಗಳು ಕಾರಿನ ದಿಕ್ಕನ್ನು ಬದಲಿಸಲಾರವು; ಅದು ಹೇಗೆ ಸುತ್ತಿದರೂ ಹೆಚ್ಚುಕಡಿಮೆ ಮೊದಲಿನ ದಿಕ್ಕಿನಲ್ಲೇ ಸಾಗುವುದು. ವೇಗ ಗಂಟೆಗೆ 108 ಕಿಲೋಮೀಟರು, ಘರ್ಷಣಾ ಗುಣಾಂಕ 0.8 ಎಂದಾದರೆ, ಸುಮಾರು 57 ಮೀಟರಿನಲ್ಲಿ ನಿಲ್ಲುವುದು. ನಡುವೆ ಬ್ರೇಕು ಬಿಟ್ಟರೆ ಟೈರುಗಳು ಥಟ್ಟನೆ ನೆಲವನ್ನು ಕಚ್ಚಿ, ಕಾರು ಮುಖಮಾಡಿದತ್ತ ನುಗ್ಗೀತು. ಆಗ ಹಿಂದಿನಿಂದ ಬರುವವನು ಎತ್ತ ಸರಿಯಬೇಕು? ಜಾರುವ ಕಾರಿನ ಹಾದಿಯನ್ನು ಅವನು ಊಹಿಸುವಂತಿರಬೇಕು. ಸ್ಥಾನವನ್ನು ಕಳೆದುಕೊಂಡರೂ ಪರಪ್ರಾಣವನ್ನು ಕಾಯುವವನೇ ನಿಜವಾದ ಪಟು.