ಕಾರಿನ ಮೂಗು, ನಮ್ಮ ಮೂಗು

ಹೋದ ಯುಗಾದಿಯ ಮಾರನೆಯ ದಿನ. ಹೊಸತೊಡಕಿನ ಸಾರಿಗೆ ಮಸಾಲೆ ರುಬ್ಬಿ ಮುಗಿಸಿ ಹೊರಗೆ ಬಂದರೆ, ನಮ್ಮ ಅಂಗಳದಲ್ಲಿ ತಂಗಿಯ ಮಗ ತನ್ನ ಕೆಂಪು ಕಾರಿನ ಬಾನೆಟ್ಟು ಎತ್ತಿ ನಿಲ್ಲಿಸಿದ್ದ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಂತಿರುವ ಕಾರು ಅದು. ಯಾರೋ ಓಡಿಸಿ ಬಿಟ್ಟದ್ದನ್ನು ಸಾಲ ಮಾಡಿ ಬೆಂಗಳೂರಿನಿಂದ ತಂದಿದ್ದಾನೆ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಸಂಬಳದ ಅರ್ಧ ಕಾರಿನ ಕಂತಿಗೆ. ಅವತ್ತು ಅದರ ಹೊಟ್ಟೆಯೊಳಗಿಂದ ಒಂದು ಕರಿ ಪ್ಲಾಸ್ಟಿಕ್ ಡಬ್ಬ ಬಿಚ್ಚಿ ನನ್ನ ತುಳಸಿಕಟ್ಟೆಯ ಮೇಲಿಟ್ಟು, ಆ ಜಾಗಕ್ಕೆ ಕೆಂಪು ಬಟ್ಟೆ ಸುತ್ತಿದ ಆಲಿಕೆಯಂಥದೊಂದನ್ನು ಕ್ಲಾಂಪು ಹಾಕಿ ಬಿಗಿಯುತ್ತಿದ್ದ.

'ಇದೇನೋ ಮಗ?' ಅಂದೆ.

'ಏರ್ ಫಿಲ್ಟರು ದೊಡ್ಡಮ್ಮ. ಕಂಪನೀದು ಉಸಿರು ಕಟ್ಟಿಸ್ತದೆ. ಇದು ಹಾಕುದ್ರೆ ಗಾಡಿ ಉಸಿರಾಡ್ತದೆ.'

'ಎಷ್ಟು ಕೊಟ್ಟೆ?'

ಹದಿನಾಲ್ಕು ಸಾವಿರ ಎಂದ. ಕೊಟ್ಟವಳು ನನ್ನ ತಂಗಿ. ಆ ಸಲದ ಬೆಳೆಯ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆಗೆ ಹೋಗಿತ್ತು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೆಲ್ಲ ಸೊಪ್ಪು ಹಾಕಿ, ಹಣ್ಣು ಹುಳುವನ್ನು ಚಂದ್ರಿಕೆಗೆ ಬಿಟ್ಟು, ನಿದ್ದೆಗೆಟ್ಟು ಸಂಪಾದಿಸಿದ ದುಡ್ಡು. 'ಗಂಡು ಮಗ, ಆಸೆಪಟ್ಟ' ಅಂತ ಕೊಟ್ಟಿದ್ದಳು. ಅವನು ಕೀಲಿ ತಿರುಗಿಸಿ ಕಾಲು ಒತ್ತಿದ. ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು. ನನ್ನ ತಕರಾರು ಶುರುವಾದದ್ದು ಅಲ್ಲಿಂದ.

ತಕರಾರು ಅಂದ ಕೂಡಲೇ 'ನಿಮಗೇನು ಗೊತ್ತು, ನೀವು ಹೆಂಗಸರು' ಎನ್ನುವ ಮಾತು ಬರುತ್ತದೆ. ಆದ್ದರಿಂದ ತಿಳಿದವರನ್ನು ಕೇಳಿ, ಓದಿ, ತಿಳಿದುಕೊಂಡೇ ಬರೆಯುತ್ತಿದ್ದೇನೆ. ಅದೇನು ಬ್ರಹ್ಮವಿದ್ಯೆಯಲ್ಲ. ಸೌದೆ ಒಲೆ ಊದಿದವರಿಗೆಲ್ಲ ಗೊತ್ತಿರುವ ಸಂಗತಿ: ಬೆಂಕಿಗೆ ಗಾಳಿ ಬೇಕು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರು ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರು ಗಾಳಿ. ಕೂತಲ್ಲೇ ಕೂತ ಒಬ್ಬ ಮನುಷ್ಯ ಇಡೀ ದಿನದಲ್ಲಿ ಎಳೆದುಕೊಳ್ಳುವ ಉಸಿರು ಇದಕ್ಕಿಂತ ಸ್ವಲ್ಪವೇ ಜಾಸ್ತಿ. ಈ ಗಾಳಿಯ ಜೊತೆ ಧೂಳು ಒಳಗೆ ಹೋದರೆ ಎಂಜಿನ್ನಿನ ಒಳಗೋಡೆ ಮತ್ತು ಪಿಸ್ಟನ್ನಿನ ರಿಂಗು ಸವೆಯುತ್ತವೆ. ಅದಕ್ಕೇ ಮಡಿಕೆ ಮಡಿಕೆಯಾದ ಕಾಗದದ ಜರಡಿ. ಹಳೆಯ ಅಂಬಾಸಿಡರ್ ಕಾರುಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಎಣ್ಣೆ ತುಂಬಿದ ಬಟ್ಟಲೇ ಇರುತ್ತಿತ್ತು. ಧೂಳು ಎಣ್ಣೆಗೆ ಅಂಟಿ ಕೆಳಗಿಳಿಯುತ್ತಿತ್ತು.

ನಮ್ಮ ಕಡೆಯ ಧೂಳು ಸಾಮಾನ್ಯದ್ದಲ್ಲ. ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಆ ಊರಿನ ಹಳೆಯ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. 1975ರಲ್ಲಿ ತೆರೆಕಂಡ ಶೋಲೆ ಚಿತ್ರದಲ್ಲಿ ಗಬ್ಬರ್ ಸಿಂಗ್ ನಿಂತದ್ದು ಅದೇ ಬಂಡೆಗಳ ಮೇಲೆ. ಕನಕಪುರದ ಕಲ್ಲಂತೂ ಹೊಳಪು ಕೊಟ್ಟುಕೊಂಡು ಹೊರದೇಶಗಳ ಅಡುಗೆಮನೆಗಳಿಗೂ ಹೋಗಿದೆ. ಈ ಕಲ್ಲಿನಲ್ಲಿ ಬೆಣಚು ಇದೆ. ಬೆಣಚು ಗಾಜನ್ನೂ ಗೀರುತ್ತದೆ, ಸಾಮಾನ್ಯ ಕಬ್ಬಿಣವನ್ನೂ ಗೀರುತ್ತದೆ. ಕ್ವಾರಿ, ಕ್ರಷರು, ಜಲ್ಲಿ ಲಾರಿ, ಅದರ ಮೇಲೆ ಕನಕಪುರ ರಸ್ತೆ ಅಗಲ ಮಾಡಿದ ಆ ವರ್ಷಗಳು: ಮನೆಯ ಹೊಸಿಲು ಬೆಳಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಬಿಳಿ. ನನ್ನ ತಂಗಿ ರಸ್ತೆ ಬದಿಯ ಸಾಲಿನ ಹಿಪ್ಪುನೇರಳೆ ಸೊಪ್ಪನ್ನು ಇವತ್ತಿಗೂ ಹುಳುವಿಗೆ ಹಾಕುವುದಿಲ್ಲ. ಧೂಳು ತಿಂದ ಹುಳು ಗೂಡು ಕಟ್ಟುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥವಳೇ ಮಗನ ಕಾರಿಗೆ ಇರುವ ಗಟ್ಟಿ ಜರಡಿ ಬಿಚ್ಚಿ ಸಡಿಲ ಜರಡಿ ಹಾಕಲು ದುಡ್ಡು ಕೊಟ್ಟಳು!

ಮಾರುವವರು ಮೂರು ಮಾತು ಹೇಳುತ್ತಾರಂತೆ. ಮೂರನ್ನೂ ಹುಡುಗ ಗಿಣಿಯಂತೆ ನನಗೆ ಒಪ್ಪಿಸಿದ.

ಮೊದಲನೆಯದು, ಶಕ್ತಿ ಹೆಚ್ಚುತ್ತದೆ. ಕಂಪನಿಯವರು ಆ ಕರಿ ಡಬ್ಬಕ್ಕೆ ಗಾಳಿಯನ್ನು ಕಾರಿನ ಮುಂಭಾಗದಿಂದ, ತಣ್ಣಗಿರುವ ಕಡೆಯಿಂದ ತರಿಸಿರುತ್ತಾರೆ. ಡಬ್ಬ ತೆಗೆದು ಆಲಿಕೆಯನ್ನು ಬರಿದೇ ಬಾನೆಟ್ಟಿನೊಳಗೆ ಕೂರಿಸಿದರೆ ಅದು ಎಳೆಯುವುದು ಎಂಜಿನ್ನಿನ ಪಕ್ಕದ ಬಿಸಿ ಗಾಳಿಯನ್ನು. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಕಾದರೆ ಅಷ್ಟೇ ಜಾಗದಲ್ಲಿ ಹಿಡಿಯುವ ಗಾಳಿಯ ತೂಕ ಶೇಕಡಾ 9ರಷ್ಟು ಕಡಿಮೆಯಾಗುತ್ತದೆ. ಗಾಳಿ ಕಡಿಮೆಯಾದರೆ ಉರಿ ಕಡಿಮೆ. ಪಂದ್ಯದ ಕಾರಿನವರು ತಣ್ಣನೆಯ ಗಾಳಿಗೆ ಬೇರೆ ದಾರಿ ಮಾಡಿ, ಎಂಜಿನ್ನಿನ ಕಂಪ್ಯೂಟರಿನ ಲೆಕ್ಕವನ್ನೂ ತಿದ್ದಿ, ನಾಲ್ಕಾರು ಕೆಲಸ ಒಟ್ಟಿಗೆ ಮಾಡಿಸುತ್ತಾರೆ. ಆಲಿಕೆ ಒಂದನ್ನೇ ತಂದು ಸಿಕ್ಕಿಸುವುದೆಂದರೆ ಮೂಗಿನ ಹೊಳ್ಳೆ ಅಗಲ ಮಾಡಿಸಿಕೊಂಡು ಓಟದಲ್ಲಿ ಗೆಲ್ಲುತ್ತೇನೆ ಎಂದಂತೆ.

ಎರಡನೆಯದು, ಮೈಲೇಜು. ಕಾರ್ಬ್ಯುರೇಟರಿನ ಕಾಲದಲ್ಲಿ ಜರಡಿ ಕಟ್ಟಿಕೊಂಡರೆ ಪೆಟ್ರೋಲು ದಂಡವಾಗುತ್ತಿತ್ತು, ನಿಜ. ಈಗಿನ ಕಾರುಗಳಲ್ಲಿ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಕಂಪ್ಯೂಟರು ಬಿಡುತ್ತದೆ. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಜರಡಿ ಕಟ್ಟಿಸಿಯೇ ಪರೀಕ್ಷೆ ಮಾಡಿದರು. ಹೊಸ ಬಗೆಯ ಕಾರುಗಳಲ್ಲಿ ವೇಗ ಏರುವುದು ನಿಧಾನವಾಯಿತೇ ಹೊರತು ಮೈಲೇಜು ಹೆಚ್ಚೇನೂ ಕೆಡಲಿಲ್ಲ. ಕಟ್ಟಿಕೊಂಡ ಜರಡಿಯೇ ಮೈಲೇಜು ಕೆಡಿಸದಿದ್ದ ಮೇಲೆ, ಚೊಕ್ಕಟವಾಗಿರುವ ಜರಡಿಯನ್ನು ಬದಲಾಯಿಸಿ ಉಳಿಸುವುದೇನು?

ಮೂರನೆಯದು, ತೊಳೆದು ತೊಳೆದು ಬಳಸಬಹುದು, ಜೀವಮಾನಕ್ಕೆ ಒಂದೇ ಸಾಕು. ಹತ್ತಿಬಟ್ಟೆಯ ಈ ಜರಡಿಯನ್ನು ತೊಳೆದು, ಪೂರ್ತಿ ಒಣಗಿಸಿ, ಅಳತೆಯಾಗಿ ಎಣ್ಣೆ ಸವರಬೇಕು. ಎಣ್ಣೆ ಕಡಿಮೆಯಾದರೆ ಧೂಳು ನಿಲ್ಲುವುದಿಲ್ಲ. ಜಾಸ್ತಿಯಾದರೆ, ಕೆಲವು ಕಾರುಗಳಲ್ಲಿ ಗಾಳಿಯ ಅಳತೆ ಹಿಡಿಯುವ ಕೂದಲೆಳೆಯಂಥ ತಂತಿಯೊಂದಿರುತ್ತದಲ್ಲ, ಅದರ ಮೇಲೆ ಎಣ್ಣೆಯ ಪಸೆ ಕೂತು ಲೆಕ್ಕ ತಪ್ಪುತ್ತದೆ. ತಾನು ಉಂಡ ತಟ್ಟೆ ತೊಳೆಯದ ಹುಡುಗ ತಿಂಗಳು ತಿಂಗಳು ಫಿಲ್ಟರು ತೊಳೆಯುತ್ತಾನೆ ಎಂದು ನಂಬುವಷ್ಟು ಮುಗ್ಧೆ ನಾನಲ್ಲ.

ಹಾಗಾದರೆ ಹದಿನಾಲ್ಕು ಸಾವಿರ ಹೋದದ್ದು ಯಾತಕ್ಕೆ? ಸದ್ದಿಗೆ. ಆ ಕರಿ ಡಬ್ಬ ಧೂಳನ್ನಷ್ಟೇ ಅಲ್ಲ, ಎಂಜಿನ್ನು ಗಾಳಿ ಹೀರುವ ಸದ್ದನ್ನೂ ಅಡಗಿಸುತ್ತದೆ. ಅದನ್ನು ಕಿತ್ತರೆ ಕಾರು ಗುರ್ರೆನ್ನುತ್ತದೆ. ಸದ್ದು ಹೆಚ್ಚಿದ್ದನ್ನು ಹುಡುಗರು ಶಕ್ತಿ ಹೆಚ್ಚಿತು ಎಂದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ದನಿ ಎತ್ತರಿಸಿದ ಗಂಡಸನ್ನು ಸಮರ್ಥ ಎಂದುಕೊಂಡ ಹಾಗೆಯೇ ಇದು.

ಶನಿವಾರ, ಭಾನುವಾರ ಬಂದರೆ ಸಂಗಮ, ಮೇಕೆದಾಟು ಎಂದು ಬೆಂಗಳೂರಿನಿಂದ ಹೊರಡುವ ಗಾಡಿಗಳ ಸಾಲು ನಮ್ಮೂರಿನ ಮೇಲೇ ಹೋಗಬೇಕು. ಬೆಳಗ್ಗೆ ಆರಕ್ಕೇ ಶುರು. ತೊಟ್ಟಿಲ ಮಗು ಬೆಚ್ಚಿ ಏಳುತ್ತದೆ. ಹೃದಯದ ಕಾಯಿಲೆಯ ನಮ್ಮ ಅತ್ತೆಯವರು ಎದೆ ಹಿಡಿದುಕೊಂಡು ಕೂರುತ್ತಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗಳಿಗೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿದವು. ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎಂಬುದನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಗೊತ್ತುಮಾಡಿತು. ಫಿಲ್ಟರಿನ ಹೆಸರು ನೋಂದಣಿ ಪತ್ರದಲ್ಲಿ ಎಲ್ಲಿದೆ ಎಂದು ಹುಡುಗ ವಾದ ಹೂಡಿದ. ಇಲ್ಲ, ಒಪ್ಪಿದೆ. ಆದರೆ ಪಕ್ಕದ ಮನೆಯವರ ನಿದ್ದೆಯ ಹೆಸರೂ ಯಾವ ಪತ್ರದಲ್ಲೂ ಇಲ್ಲ. ಅಷ್ಟಕ್ಕೇ ಅದು ಇವನ ಸ್ವತ್ತಾಗುತ್ತದೆಯೇ?

ನನಗೆ ವೇಗದ ಮೇಲೆ ದ್ವೇಷವಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕಿನಲ್ಲಿ ಮಹಿಳೆಯರ ಬಾಹಾ ವಿಶ್ವಕಪ್ ಗೆದ್ದಾಗ ಪತ್ರಿಕೆಯ ಚಿತ್ರ ಕತ್ತರಿಸಿ ಇಟ್ಟುಕೊಂಡವಳು ನಾನು. ಓಡಿಸಬೇಕೆನ್ನುವವರಿಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಇದೆ. ಅಲ್ಲಿ ಕಾಲ, ನಿಯಮ, ಹೆಲ್ಮೆಟ್ಟು ಎಲ್ಲ ಇರುತ್ತದೆ. ತನ್ನ ಕೈಯಾರೆ ಸ್ಪ್ಯಾನರ್ ಹಿಡಿದು ಕಲಿಯುವ ಹುಡುಗನೆಂದರೆ ನನಗೆ ಇಷ್ಟವೇ. ಆದರೆ ಆಸೆ ಪಡುವ ಹಕ್ಕು ಆ ಮನೆಯಲ್ಲಿ ಒಬ್ಬರಿಗೆ ಮಾತ್ರ ಏಕೆ?

ಅವನಿಗೊಬ್ಬಳು ತಂಗಿಯಿದ್ದಾಳೆ. ಕನಕಪುರದ ಕಾಲೇಜಿಗೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೋಗುತ್ತಾಳೆ. ಸಂಜೆ ಬಸ್ಸು ತಪ್ಪಿದರೆ ಮನೆ ಸೇರುವಾಗ ಏಳೂವರೆ. ಹಳೆಯದೊಂದು ಸ್ಕೂಟಿ ಕೊಡಿಸಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದಾಳೆ. 'ಹೆಣ್ಣುಮಗಳು, ಲಾರಿ ಓಡಾಡೋ ರಸ್ತೆ, ಅದೂ ಅಲ್ಲದೆ ದುಡ್ಡೆಲ್ಲಿದೆ' ಎಂದು ನನ್ನ ತಂಗಿ ಅವಳ ಬಾಯಿ ಮುಚ್ಚಿಸಿದ್ದಾಳೆ. ಸೊಪ್ಪು ಕತ್ತರಿಸಿದ್ದು, ಹುಳುವಿನ ಕಸ ತೆಗೆದದ್ದು ಆ ಹುಡುಗಿ. ಗೂಡಿನ ದುಡ್ಡು ಹೋದದ್ದು ಅಣ್ಣನ ಕಾರಿನ ಮೂಗಿಗೆ. ಇದನ್ನು ಯಾವ ಗಂಡಸೂ ಮಾಡಲಿಲ್ಲ, ಮಾಡಿದವಳು ತಾಯಿ. ಓದುತ್ತಿರುವ ನೀವು ಕೋಪಿಸಿಕೊಳ್ಳಬೇಡಿ. ನಿಮ್ಮ ಮನೆಯ ಲೆಕ್ಕದ ಪುಸ್ತಕ ಒಮ್ಮೆ ತೆಗೆದು, ಹೋದ ವರ್ಷ ಮಗನ ಆಸೆಗೆ ಎಷ್ಟು, ಮಗಳ ಅಗತ್ಯಕ್ಕೆ ಎಷ್ಟು ಎಂದು ನೋಡಿ. ನನ್ನ ಪುಸ್ತಕವನ್ನೂ ತೆಗೆದು ನೋಡಿದ್ದೇನೆ. ಹೇಳಿಕೊಳ್ಳುವಂತೇನೂ ಇರಲಿಲ್ಲ.

ಇನ್ನೊಂದು ಮಾತು. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಹದಿನೈದು ವರ್ಷ ಕಲ್ಲು ಒಡೆದವಳು. ಗಂಡ ಕ್ವಾರಿಯಲ್ಲಿ ಕುಳಿ ಕೊರೆಯುತ್ತಿದ್ದ. ಈಗ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬೆಣಚಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುವ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ಬಂದರೆ ವಾಸಿಯಿಲ್ಲ, ತಡೆಯಬಹುದು ಅಷ್ಟೆ. 1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲೇ ಅದರ ಹೆಸರಿತ್ತು. ನೀರು ಹಾಯಿಸಿಕೊಂಡು ಕೊರೆದರೆ ಧೂಳು ಬಹಳ ಇಳಿಯುತ್ತದೆ ಎನ್ನುವುದೂ ಹಳೆಯ ತಿಳುವಳಿಕೆ. 'ನಿನಗೆ ಮೂಗಿಗೆ ಏನು ಕೊಡ್ತಿದ್ರು?' ಎಂದು ಅವಳನ್ನು ಕೇಳಿದೆ. 'ಏನು ಕೊಡ್ತಾರಕ್ಕ, ಸೆರಗೇಯ' ಎಂದಳು. ಹತ್ತಿ ಸೆರಗಿನ ಎಳೆಗಳ ನಡುವೆ ಆ ಧೂಳು ಸಲೀಸಾಗಿ ನುಗ್ಗುತ್ತದೆ. ಅದೇ ಊರು, ಅದೇ ಗಾಳಿ, ಅದೇ ಬೆಣಚು. ಕಬ್ಬಿಣದ ಎಂಜಿನ್ನಿಗೆ ಹೊರದೇಶದ ಫಿಲ್ಟರು. ಉಸಿರಿರುವ ಹೆಂಗಸಿಗೆ ಹರಕು ಸೆರಗು. ಕಾರಿನ ರಿಂಗು ಸವೆದರೆ ಹೊಸದು ಹಾಕಿಸಬಹುದು. ಆಕೆಯ ಗಂಡನಿಗೆ?

ಇದನ್ನೆಲ್ಲ ಹುಡುಗನಿಗೆ ಹೇಳಿದಾಗ, 'ಕ್ವಾರಿಗೂ ನನ್ ಕಾರಿಗೂ ಏನ್ ಸಂಬಂಧ ದೊಡ್ಡಮ್ಮ, ನನ್ ದುಡ್ಡು ನನ್ ಖುಷಿ' ಎಂದ. ದುಡ್ಡು ಅವನದಲ್ಲ ಎನ್ನುವುದನ್ನು ಬಿಡೋಣ. ಕಾರಿಗೆ ಶುದ್ಧ ಗಾಳಿ ಬೇಕೆಂದು ಗೊತ್ತಿರುವವನಿಗೆ ಮನುಷ್ಯರಿಗೂ ಬೇಕೆಂದು ಗೊತ್ತಾಗಬೇಕು, ಸಂಬಂಧ ಅಷ್ಟೆ. ಅವನ ವಯಸ್ಸಿನ ಹತ್ತು ಹುಡುಗರು ಒಂದು ದಿನ ಆ ಕಾರುಗಳನ್ನು ಪಂಚಾಯಿತಿ ಮುಂದೆ ನಿಲ್ಲಿಸಿ, ಜಲ್ಲಿ ಲಾರಿಗೆ ಟಾರ್ಪಾಲು ಹೊದಿಸಿ, ಕ್ರಷರಿನಲ್ಲಿ ನೀರು ಸಿಂಪಡಿಸಿ ಎಂದು ಕೇಳಲಿ. ಆ ಸದ್ದನ್ನು ನಾನೂ ಎದ್ದು ಕೂತು ಕೇಳುತ್ತೇನೆ.

ಶ್ರಾವಣದ ಹೊತ್ತಿಗೆ ಕಾರಿನ ಮುಂದಿನ ಗಾಜಿನ ಕೆಳಗೆ ಒಂದು ಹಳದಿ ದೀಪ ಹತ್ತಿಕೊಂಡಿತು. ಆರಲಿಲ್ಲ. ಗ್ಯಾರೇಜಿನವರು ಅಳತೆಯ ತಂತಿಗೆ ಎಣ್ಣೆ ಮೆತ್ತಿದೆ ಎಂದು ತೊಳೆದು ಕೊಟ್ಟರು. ಹದಿನೈದು ದಿನಕ್ಕೆ ಮತ್ತೆ ಹತ್ತಿತು. ಹಳೆಯದನ್ನೇ ಹಾಕಿಸಿ ಎಂದರಂತೆ. ಹುಡುಗ ಮುಖ ಸಣ್ಣದು ಮಾಡಿಕೊಂಡು ಬಂದ.

'ದೊಡ್ಡಮ್ಮ, ಆ ಕರಿ ಡಬ್ಬ ಎಲ್ಲಿಟ್ಟಿದ್ದೀರಿ?'

'ಅಟ್ಟದ ಮೇಲಿದೆ, ಒರೆಸಿ ಜೋಪಾನ ಮಾಡಿದ್ದೀನಿ. ಕೊಡ್ತೀನಿ. ಆ ಕೆಂಪು ಆಲಿಕೆ ಮಾರು. ಬಂದದ್ದಕ್ಕೆ ನಾನೂ ನಿಮ್ಮಮ್ಮನೂ ಸೇರಿಸ್ತೀವಿ. ನಿನ್ ತಂಗಿಗೆ ಸ್ಕೂಟಿ ತಂದು, ಓಡಿಸೋದು ನೀನೇ ಕಲಿಸು. ಲೈಸೆನ್ಸ್ ಆದ ದಿನ ಡಬ್ಬ ಇಳಿಸ್ಕೊಂಡು ಹೋಗು.'

ಅವನು ಏನೂ ಹೇಳದೆ ಹೋದ. ನನ್ನ ತಂಗಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಫೋನು ಮಾಡಿ, ಸ್ಕೂಟಿ ಹಳೇದಾದರೆ ಎಷ್ಟಾಗ್ತದೆ ಅಕ್ಕ ಎಂದು ವಿಚಾರಿಸಿದಳು. ಡಬ್ಬ ಇನ್ನೂ ಅಟ್ಟದ ಮೇಲೇ ಇದೆ.