ಕರು ಬೆಳೆಯಲು ಸೂಜಿ ಬೇಡ, ಹಾಲು ಬಿಡಿ

ಕರು ಬಡಕಲಾದರೆ "ಬೆಳೆಯೋಕೆ ಏನಾದ್ರೂ ಸೂಜಿ ಹಾಕ್ಸಿ" ಅನ್ನುವ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಬೆಳೆಸುವ ಹಾರ್ಮೋನು ಕರುವಿನ ತಲೆಯೊಳಗೇ ಇದೆ. ಕೊರತೆ ಇರುವುದು ಹೊಟ್ಟೆಯಲ್ಲಿ.

ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯಿದೆ. 1921ರಲ್ಲಿ ಅಮೆರಿಕದ ಹರ್ಬರ್ಟ್ ಇವಾನ್ಸ್ ಮತ್ತು ಜೋಸೆಫ್ ಲಾಂಗ್ ಎಂಬ ವಿಜ್ಞಾನಿಗಳು ದನದ ಈ ಗ್ರಂಥಿಯ ರಸವನ್ನು ಇಲಿಗಳಿಗೆ ಚುಚ್ಚಿ ನೋಡಿದರು. ಇಲಿಗಳು ದೈತ್ಯವಾಗಿ ಬೆಳೆದವು. ಎಳೆ ಪ್ರಾಣಿಯಲ್ಲಿ ಈ ಗ್ರಂಥಿಯನ್ನೇ ತೆಗೆದರೆ ಬೆಳವಣಿಗೆ ನಿಂತುಹೋಗುತ್ತದೆ.

ಹಾಗಾದ್ರೆ ಸೂಜಿಯೇ ಸರಿಯಲ್ವೇ ಎಂದು ಕೇಳಬಹುದು. ಆದರೆ ಈ ಹಾರ್ಮೋನು ಒಂದೇ ಎಲ್ಲ ಕೆಲಸ ಮಾಡುವುದಿಲ್ಲ. ಅದು ರಕ್ತದಲ್ಲಿ ಹರಿದು ಲಿವರಿಗೆ ಹೋಗಿ, ಅಲ್ಲಿ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನು ಹುಟ್ಟಿಸುತ್ತದೆ. ಮೂಳೆ, ಮಾಂಸ ಬೆಳೆಯಲು ಇದು ಬೇಕೇ ಬೇಕು. ಹಸಿದ ಕರುವಿನ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆ ಇರುವುದಿಲ್ಲ, ಹೆಚ್ಚೇ ಇರುತ್ತದೆ! ಆದರೆ ಲಿವರ್ ಅದರ ಮಾತು ಕೇಳುವುದಿಲ್ಲ, ಐಜಿಎಫ್-1 ಇಳಿದುಹೋಗುತ್ತದೆ. ಇಂಥ ಕರುವಿಗೆ ಮತ್ತೆ ಹಾರ್ಮೋನು ಚುಚ್ಚುವುದೆಂದರೆ ತೇವವಿಲ್ಲದ ಹೊಲಕ್ಕೆ ಯೂರಿಯಾ ಎರಚಿದ ಹಾಗೆ.

ಕತ್ತಿನ ಥೈರಾಯ್ಡ್ ಗ್ರಂಥಿಗೂ ಪಿಟ್ಯುಟರಿಯದೇ ಹುಕುಂ. ಅಲ್ಲಿ ಅಯೋಡಿನ್ ಇಲ್ಲದಿದ್ದರೆ ಎಷ್ಟು ಹುಕುಂ ಕೊಟ್ಟರೂ ಗ್ರಂಥಿ ಊದಿಕೊಳ್ಳುತ್ತದೆ, ಕೆಲಸ ಆಗೋದಿಲ್ಲ. ಕಡಸನ್ನು ಬೆದೆಗೆ ತರುವ ಹಾರ್ಮೋನುಗಳೂ ಇದೇ ಗ್ರಂಥಿಯವು. ಮೈ ತುಂಬದ ಕಡಸಿನಲ್ಲಿ ಅವು ತಡವಾಗಿ ಕೆಲಸ ಶುರು ಮಾಡುತ್ತವೆ.

ಇನ್ನೊಂದು ಸೂಜಿ ಆಕ್ಸಿಟೋಸಿನ್. ಇದೂ ಪಿಟ್ಯುಟರಿಯಿಂದ ಬರುವ ಹಾರ್ಮೋನೇ. ಕರು ಕೆಚ್ಚಲಿಗೆ ಗುದ್ದಿ ಬಾಯಿ ಹಾಕಿದರೆ ತಾನಾಗಿ ರಕ್ತಕ್ಕೆ ಇಳಿದು ಹಸು ಸೊರೆ ಬಿಡುತ್ತದೆ. ಕರುವನ್ನು ಹಸಿವಿನಿಂದ ಸಾಯಿಸಿ, ಆಮೇಲೆ ತಾಯಿಗೆ ಸೂಜಿ ಚುಚ್ಚಿ ಹಾಲು ಇಳಿಸುವವರೂ ಇದ್ದಾರೆ. ಇದೆಂಥ ದನ ಸಾಕಣೆ?

ಡೇರಿಯ ದುಡ್ಡು ಬಿಡೋದು ಸುಲಭವಲ್ಲ, ನನಗೂ ಗೊತ್ತು. ಮಳೆ ಕೈಕೊಟ್ಟ ವರ್ಷ ಒಣಬೇಸಾಯದವರ ಮನೆ ನಡೆಯೋದೇ ಆ ಹಾಲಿನಿಂದ. ಆದರೆ ಇಂದು ಕರುವಿನ ಬಾಯಿಂದ ಕಿತ್ತು ಮಾರಿದ ಹಾಲಿನ ಸಾಲವನ್ನು ಮುಂದೆ ತಡವಾಗಿ ಗಬ್ಬವಾಗುವ ಕಡಸಿನ ಲೆಕ್ಕದಲ್ಲಿ ತೀರಿಸಬೇಕಾಗುತ್ತದೆ.

ಕರು ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಮೊದಲ ತಿಂಗಳು ಮೈತೂಕದ ಹತ್ತನೇ ಒಂದು ಪಾಲು ಹಾಲು ಬೇಕು. ಅಂದರೆ 25 ಕೆಜಿ ಕರುವಿಗೆ ದಿನಕ್ಕೆ ಎರಡೂವರೆ ಲೀಟರ್. ಆಮೇಲೆ ಎಳೆ ಮೇವು, ಹಿಂಡಿ, ಖನಿಜ ಮಿಶ್ರಣ ಅಭ್ಯಾಸ ಮಾಡಿಸಿ. ಇಷ್ಟಾದರೂ ಕರು ಏಳದಿದ್ದರೆ ಜಂತುವೋ ರೋಗವೋ ಇರಬಹುದು, ಪಶುವೈದ್ಯರಿಗೆ ತೋರಿಸಿ. ಸೂಜಿ ಬೇಕೋ ಬೇಡವೋ ಅವರು ಹೇಳಲಿ.